ಇಆರ್‌ಎ 3ರ ಕೆಳಗಿದೆ, ಆದರೂ ರೊಟೇಷನ್‌ನಿಂದ ತೆಗೆಯಬೇಕಂತೆ. ಇದು ಯಾವ ನ್ಯಾಯ?

ಎಡಗೈ ಸಿಂಕರ್:

ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಪ್ರಶ್ನೆ ಬಿಟ್ಟು ತಂಡವನ್ನು ಬಯ್ಯಲು ಶುರು ಮಾಡುತ್ತೀರಿ, ಗೊತ್ತಿರುವ ವಿಷಯವೇ.

ನಮ್ಮ ಬೇಸ್‌ಬಾಲ್ ತಂಡದ ನಾಲ್ಕನೇ ಸ್ಟಾರ್ಟರ್ (ಮ್ಯಾಚ್ ಶುರು ಮಾಡುವ ಪಿಚರ್; ಇಂಥ ಐವರ ಸರದಿಯೇ ರೊಟೇಷನ್) ಇನ್ನೂ ಹುಡುಗ. ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್, 3ರ ಕೆಳಗಿದೆ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾತ್ರ ಕಡಿಮೆ, ಎಫ್‌ಐಪಿ (ಫೀಲ್ಡರ್‌ಗಳ ಪಾಲು ಬಿಟ್ಟು ಪಿಚರ್‌ನನ್ನು ಅಳೆಯುವ ಅಂಕಿ; ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು) 4 ದಾಟಿದೆ. ಐದನೆಯವನದು ಇದಕ್ಕೆ ಪೂರ್ತಿ ಉಲ್ಟಾ. ಇಆರ್‌ಎ ನೋಡಿದರೆ ಕಣ್ಣು ಮುಚ್ಚಿಕೊಳ್ಳಬೇಕು, ಎಫ್‌ಐಪಿ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಈಗ ಮೊಣಕೈ ನೋವಿನಿಂದ ಹೊರಗಿದ್ದ ಒಬ್ಬ ಹಿರಿಯ ಸ್ಟಾರ್ಟರ್ ವಾಪಸ್ ಬರುತ್ತಿದ್ದಾನೆ. ಐದು ಜಾಗ, ಆರು ಜನ.

ನನ್ನ ಜೊತೆ ಮ್ಯಾಚ್ ನೋಡುವ ಗೆಳೆಯ ಒಬ್ಬನಿದ್ದಾನೆ, ಅವನು ಆಟ ನೋಡುವುದಕ್ಕಿಂತ ಅಂಕಿಅಂಶದ ಪುಟ ನೋಡುವುದೇ ಜಾಸ್ತಿ. "ನಿಮ್ಮ ಹುಡುಗನದು ಬರೀ ಅದೃಷ್ಟ, ಇವತ್ತೋ ನಾಳೆಯೋ ಸಿಡಿಯುತ್ತದೆ, ಈಗಲೇ ಕೆಳಗಿನ ಲೀಗ್‌ಗೆ, ಟ್ರಿಪಲ್ ಎಗೆ ಕಳಿಸಿ" ಅನ್ನುತ್ತಾನೆ. ನನಗೆ ತಲೆಗೇ ಹೋಗುತ್ತಿಲ್ಲ. ರನ್ ಕೊಟ್ಟಿಲ್ಲ ಅಂದಮೇಲೆ ಕೊಟ್ಟಿಲ್ಲ ತಾನೇ? ಕೊಡಬೇಕಾಗಿತ್ತು, ಕೊಡುತ್ತಿದ್ದ, ಇದೆಲ್ಲ ಯಾವ ಲೆಕ್ಕ? ಯಾರನ್ನು ಕಳಿಸಬೇಕು ಅಂತ ನೀವೇ ಹೇಳಿ. ಸುಮ್ನೆ "ಎರಡೂ ನೋಡಬೇಕು" ಅನ್ನುವ ಉತ್ತರ ಬೇಡ.

ಲೆಕ್ಕದ ಮೇಷ್ಟ್ರು:

ನಿಮ್ಮ ಗೆಳೆಯ ಹೇಳಿದ ರೀತಿ ಒರಟು, ವಿಷಯ ಸರಿ.

ಕ್ರಿಕೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೌಲರ್ ಒಳ್ಳೇ ಎಸೆತ ಹಾಕಿರುತ್ತಾನೆ, ಸ್ಲಿಪ್‌ನಲ್ಲಿ ಕ್ಯಾಚ್ ಬಿಡುತ್ತಾರೆ, ಆಮೇಲೆ ಅದೇ ಬ್ಯಾಟ್ಸ್‌ಮನ್ ನೂರು ಹೊಡೆಯುತ್ತಾನೆ, ರನ್ನೆಲ್ಲ ಬೌಲರ್ ತಲೆಗೆ. ಬೇಸ್‌ಬಾಲ್‌ನಲ್ಲಿ ಎರರ್ (ಫೀಲ್ಡರ್ ತಪ್ಪು) ಆದರೆ ಬಂದ ರನ್ನನ್ನು ಇಆರ್‌ಎಯಿಂದ ಬಿಡುತ್ತಾರೆ, ಸರಿ. ಆದರೆ ನಿಧಾನ ಕಾಲಿನ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಚೆಂಡಿನ ಹತ್ತಿರವೇ ಹೋಗದಿದ್ದರೆ ಅದು ಎರರ್ ಅಲ್ಲ, ಹಿಟ್, ಅಂದರೆ ಹೊಡೆದು ಬೇಸ್ ಗಳಿಸಿದ್ದು. ತಪ್ಪು ಫೀಲ್ಡರ್‌ದು, ಲೆಕ್ಕ ಪಿಚರ್‌ದು. ಅದೇ ಚುರುಕಾದ ಶಾರ್ಟ್‌ಸ್ಟಾಪ್ ಇದ್ದರೆ ಅದೇ ಎಸೆತಕ್ಕೆ ಔಟ್ ಸಿಗುತ್ತದೆ, ಹೊಗಳಿಕೆ ಪಿಚರ್‌ಗೆ.

2001ರಲ್ಲಿ ಅಂಕಿಅಂಶ ವಿಶ್ಲೇಷಕ ವೊರೋಸ್ ಮೆಕ್ರ್ಯಾಕನ್ ಎತ್ತಿ ತೋರಿಸಿದ್ದು ಇದನ್ನೇ. ಚೆಂಡು ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದಮೇಲೆ ಅದು ಹಿಟ್ ಆಗುತ್ತದೋ ಔಟ್ ಆಗುತ್ತದೋ ಅನ್ನುವುದರ ಮೇಲೆ ಪಿಚರ್‌ಗೆ ನಾವು ಅಂದುಕೊಂಡಷ್ಟು ಹಿಡಿತ ಇಲ್ಲ. ಅಂಥ ಚೆಂಡುಗಳಲ್ಲಿ ಸುಮಾರು ನೂರಕ್ಕೆ ಮೂವತ್ತು ಹಿಟ್ ಆಗುತ್ತವೆ. ಒಬ್ಬನಿಗೆ ಅರ್ಧ ಸೀಸನ್ ಇಪ್ಪತ್ತೈದೇ ಆದರೆ ಅವನು ಮಂತ್ರ ಕಲಿತಿದ್ದಾನೆ ಅಂತ ಅಲ್ಲ, ಬಹುತೇಕ ಸಲ ಅದು ಮೇಲಕ್ಕೆ ಬರುತ್ತದೆ.

ಎಫ್‌ಐಪಿ ಅದಕ್ಕೇ ಪಿಚರ್ ಕೈಯಲ್ಲಿರುವುದನ್ನು ಮಾತ್ರ ಎಣಿಸುತ್ತದೆ. ಹೋಮ್‌ರನ್ ಸಂಖ್ಯೆ ಗುಣಿಸು 13. ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಪುಕ್ಕಟೆ ಕೊಟ್ಟ ಬೇಸ್) ಮತ್ತು ಬ್ಯಾಟ್ಸ್‌ಮನ್ ಮೈಗೆ ಹೊಡೆಸಿದ್ದು ಸೇರಿಸಿ ಗುಣಿಸು 3. ಎರಡನ್ನೂ ಕೂಡಿ, ಸ್ಟ್ರೈಕ್‌ಔಟ್‌ನ ಎರಡರಷ್ಟು ಕಳೆದು, ಇನ್ನಿಂಗ್ಸ್‌ನಿಂದ ಭಾಗಿಸಿ. ಕೊನೆಗೆ ಇಆರ್‌ಎ ಅಳತೆಗೆ ಹೊಂದಲಿ ಅಂತ ಸುಮಾರು 3.1 ಸೇರಿಸುತ್ತಾರೆ, ಅದು ವರ್ಷ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ.

2018ರ ಜೇಕಬ್ ಡಿಗ್ರಾಮ್ ತೆಗೆದುಕೊಳ್ಳಿ. 217 ಇನ್ನಿಂಗ್ಸ್, 10 ಹೋಮ್‌ರನ್, 46 ವಾಕ್, 5 ಸಲ ಮೈಗೆ, 269 ಸ್ಟ್ರೈಕ್‌ಔಟ್. 130 ಮತ್ತು 153 ಕೂಡಿದರೆ 283, ಅದರಲ್ಲಿ 538 ಕಳೆದರೆ ಮೈನಸ್ 255, 217ರಿಂದ ಭಾಗಿಸಿದರೆ ಮೈನಸ್ 1.18. ಸೊನ್ನೆಗಿಂತ ಕೆಳಗೆ! ಸೇರಿಸಬೇಕಾದ್ದು ಸೇರಿಸಿದರೆ 2ರ ಆಸುಪಾಸು. ಇಆರ್‌ಎ 1.70. ಎರಡು ಅಂಕಿಯೂ ಒಂದೇ ಮಾತು ಹೇಳುತ್ತಿವೆ, ಅಂದರೆ ಅವನು ನಿಜಕ್ಕೂ ಹಾಗೇ ಎಸೆದ. ನಿಮ್ಮ ಹುಡುಗನ ಎರಡು ಅಂಕಿ ಜಗಳ ಆಡುತ್ತಿವೆ.

ಹಳೇ ಗ್ಲೌವ್:

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಬ್ಯಾಟ್ಸ್‌ಮನ್ ಮುರಿದ ಬ್ಯಾಟ್ ಹಿಡಿದುಕೊಂಡು ಸೆಕೆಂಡ್ ಬೇಸ್‌ಗೆ ನೇರ ತಳ್ಳಿದ ಚೆಂಡಿಗೂ, ಗೋಡೆಗೆ ಬಡಿದು ವಾಪಸ್ ಬಂದ ಚೆಂಡಿಗೂ ವ್ಯತ್ಯಾಸವೇ ಇಲ್ಲ, ಅಲ್ವಾ? ಎರಡೂ ಲೆಕ್ಕಕ್ಕಿಲ್ಲ. ಆಟ ನೋಡಿದವನು ಇದನ್ನು ಒಪ್ಪಲು ಸಾಧ್ಯವೇ?

ಕೈಲ್ ಹೆಂಡ್ರಿಕ್ಸ್ ನೆನಪಿದ್ದಾನಾ? ಫಾಸ್ಟ್‌ಬಾಲ್ ಗಂಟೆಗೆ 88 ಮೈಲಿ ಸುತ್ತಮುತ್ತ, ಈಗಿನ ಕಾಲಕ್ಕೆ ಅದು ಆಮೆ. 2016ರಲ್ಲಿ ಅವನ ಇಆರ್‌ಎ 2.13, ಎರಡೂ ಲೀಗ್ ಸೇರಿಸಿ ಆ ವರ್ಷದ ಅತ್ಯುತ್ತಮ. ಟಾಮ್ ಗ್ಲಾವಿನ್‌ನನ್ನೂ ನೋಡಿ. ಹೊರಗಿನ ಅಂಚಿಗೆ, ಮತ್ತೆ ಹೊರಗಿನ ಅಂಚಿಗೆ, ಹೊಡೆಯಬೇಕಾದರೆ ಹೊಡಿ ಅಂತ ಇಡುತ್ತಿದ್ದ. ಎಫ್‌ಐಪಿಗಿಂತ ಕಡಿಮೆ ಇಆರ್‌ಎ ಇಟ್ಟುಕೊಂಡೇ 305 ಮ್ಯಾಚ್ ಗೆದ್ದ. ಇಪ್ಪತ್ತು ವರ್ಷದ ಮೇಲೆ ಅದೃಷ್ಟ ಅವನ ಜೊತೆ ಸಂಸಾರ ಮಾಡಿತಾ?

ಎಡಗೈ ಅವರೇ, ಹುಡುಗನನ್ನು ಇಟ್ಟುಕೊಳ್ಳಿ. ಔಟ್ ಮಾಡುವವನನ್ನು ಮನೆಗೆ ಕಳಿಸಿ, ಔಟ್ ಮಾಡಬೇಕಾಗಿತ್ತು ಅನ್ನುವವನನ್ನು ಇಟ್ಟುಕೊಳ್ಳುವುದು ಯಾವ ಊರಿನ ಬುದ್ಧಿ?

ಲೆಕ್ಕದ ಮೇಷ್ಟ್ರು:

ಹೆಂಡ್ರಿಕ್ಸ್ ಉದಾಹರಣೆ ನೀವೇ ಕೊಟ್ಟಿದ್ದಕ್ಕೆ ಧನ್ಯವಾದ. ಆ ವರ್ಷ ಅವನ ಎಫ್‌ಐಪಿ 3.20. ಮುಂದಿನ ವರ್ಷ ಅವನ ಇಆರ್‌ಎ ಎಷ್ಟು? 3.03. 2.13ಕ್ಕೆ ಹತ್ತಿರವೋ, 3.20ಕ್ಕೆ ಹತ್ತಿರವೋ ನೀವೇ ಹೇಳಿ. ಮೇಲಾಗಿ 2016ರಲ್ಲಿ ಅವನ ತಂಡವಾದ ಕಬ್ಸ್ ಫೀಲ್ಡಿಂಗ್ ಅಂದರೆ ಗೋಡೆ ಕಟ್ಟಿದ ಹಾಗಿತ್ತು.

ಗ್ಲಾವಿನ್ ವಿಷಯ ಒಪ್ಪುತ್ತೇನೆ. ಸೂತ್ರವನ್ನು ಸೋಲಿಸುವವರು ಇದ್ದಾರೆ. ಆದರೆ ಅವರು ಸೋಲಿಸುತ್ತಾರೆ ಅಂತ ನಮಗೆ ಗೊತ್ತಾಗಿದ್ದು ಸಾವಿರಾರು ಇನ್ನಿಂಗ್ಸ್ ಆದಮೇಲೆ. ಅರ್ಧ ಸೀಸನ್ ಆಡಿದ ಪ್ರತಿ ಹುಡುಗನಿಗೂ ಗ್ಲಾವಿನ್ ಅಂತ ಹೆಸರಿಡಲು ಆಗುವುದಿಲ್ಲ.

ಒಂದು ಪ್ರಶ್ನೆ: ಅವನ ಚೆಂಡು ನೆಲಕ್ಕೆ ಹೋಗುತ್ತದಾ, ಗಾಳಿಗೆ ಹೋಗುತ್ತದಾ? ಅದು ಹೇಳದೆ ಮುಂದಿನದು ಹೇಳುವುದು ಕಷ್ಟ.

ನಲವತ್ತರ ಪಟ್ಟಿ:

ನೀವಿಬ್ಬರೂ ಯಾರು ಒಳ್ಳೆಯ ಪಿಚರ್ ಅಂತ ವಾದ ಮಾಡುತ್ತಿದ್ದೀರಿ. ಮ್ಯಾನೇಜ್‌ಮೆಂಟ್ ಕೇಳುವ ಮೊದಲ ಪ್ರಶ್ನೆ ಅದಲ್ಲ. ಯಾರಿಗೆ ಆಪ್ಷನ್, ಅಂದರೆ ಬೇರೆ ತಂಡದ ಕೈಗೆ ಸಿಗದ ಹಾಗೆ ಮೈನರ್ ಲೀಗ್‌ಗೆ ಕಳಿಸುವ ಅವಕಾಶ, ಉಳಿದಿದೆ? ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

26 ಜನರ ಪಟ್ಟಿಯಲ್ಲಿ ಪಿಚರ್‌ಗಳು ಹೆಚ್ಚೆಂದರೆ 13. ಆರು ಜನ ಸ್ಟಾರ್ಟರ್ ಇಟ್ಟುಕೊಂಡರೆ ಬುಲ್‌ಪೆನ್‌ಗೆ (ಮ್ಯಾಚ್ ನಡುವೆ ಬಂದು ಎಸೆಯುವ ರಿಲೀವರ್‌ಗಳ ಗುಂಪಿಗೆ) ಏಳೇ ಉಳಿಯುತ್ತಾರೆ. ಸ್ಟಾರ್ಟರ್‌ಗಳು ಐದು ಇನ್ನಿಂಗ್ಸ್‌ಗೆ ಉಸಿರು ಬಿಡುವ ಈ ಕಾಲದಲ್ಲಿ ಏಳು ಜನ ಎರಡು ವಾರದಲ್ಲಿ ಸುಸ್ತು. ಹಾಗಾಗಿ ಒಬ್ಬ ಹೋಗಲೇಬೇಕು.

ಹುಡುಗನಿಗೆ ಆಪ್ಷನ್ ಇದ್ದರೆ ಅವನನ್ನು ಮೈನರ್‌ಗೆ ಕಳಿಸಿ ಬೇಕಾದಾಗ ಕರೆಸಬಹುದು. ಐದನೆಯವನಿಗೆ ಆಪ್ಷನ್ ಮುಗಿದಿದ್ದರೆ ಅವನನ್ನು ವೇವರ್ಸ್‌ಗೆ ಹಾಕಬೇಕು, ಉಳಿದ 29 ತಂಡಗಳಲ್ಲಿ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಒಳ್ಳೇ ಎಫ್‌ಐಪಿ ಇರುವವನನ್ನು ಖಂಡಿತ ಎತ್ತಿಕೊಳ್ಳುತ್ತಾರೆ, ಅಲ್ಲೆಲ್ಲ ನಮ್ಮ ಮೇಷ್ಟ್ರಂಥವರೇ ಕೂತಿರುವುದು. ಐದು ವರ್ಷ ಸೇವೆ ಮುಗಿಸಿದ ಹಿರಿಯನನ್ನಂತೂ ಅವನು ಒಪ್ಪದೆ ಕೆಳಗೆ ಕಳಿಸಲೇ ಆಗುವುದಿಲ್ಲ. ಅಂದರೆ ಚೆನ್ನಾಗಿ ಆಡಿದ ಹುಡುಗನೇ ಗಂಟು ಮೂಟೆ ಕಟ್ಟಬೇಕು. ಅನ್ಯಾಯ ಹೌದು. ಆದರೆ ಅವನು ಹೋದರೆ ಆರೂ ಜನ ನಿಮ್ಮವರಾಗಿ ಉಳಿಯುತ್ತಾರೆ, ಬೇರೆ ಯಾರು ಹೋದರೂ ಐದೇ.

ಗಮನಿಸಿ, ಪಿಚರ್‌ನನ್ನು ಕೆಳಗೆ ಕಳಿಸಿದರೆ ಸಾಮಾನ್ಯವಾಗಿ 15 ದಿನ ಕರೆಸುವಂತಿಲ್ಲ, ಯಾರಾದರೂ ಗಾಯವಾಗಿ ಬಿದ್ದರೆ ಮಾತ್ರ ಬೇರೆ ಮಾತು. ಒಂದು ಸೀಸನ್‌ನಲ್ಲಿ ಹೀಗೆ ಐದು ಸಲ ಮಾತ್ರ. ಮೊದಲಿನ ಹಾಗೆ ವಾರಕ್ಕೊಮ್ಮೆ ವಿಮಾನ ಹತ್ತಿಸಿ ಇಳಿಸಿ ಆಟ ಆಡಲು ಆಗುವುದಿಲ್ಲ. ಹಿರಿಯ ಇನ್ನೂ ಮೈನರ್‌ನಲ್ಲಿ ರಿಹ್ಯಾಬ್ (ಗಾಯದಿಂದ ಚೇತರಿಸಿಕೊಳ್ಳುವ ಮ್ಯಾಚ್) ಆಡುತ್ತಿದ್ದರೆ ಪಿಚರ್‌ಗೆ ಅದಕ್ಕೆ 30 ದಿನದವರೆಗೆ ಅವಕಾಶ ಇದೆ. ತಂಡಗಳು ಆ ದಿನಗಳನ್ನು ಕೊನೇ ಹನಿವರೆಗೆ ಹಿಂಡುತ್ತವೆ. ಅಷ್ಟರಲ್ಲಿ ಯಾರದೋ ಭುಜ ನೋಯುತ್ತದೆ, ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಎಡಗೈ ಸಿಂಕರ್:

ಆಪ್ಷನ್ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹುಡುಗನಿಗೆ ಇದೆ, ಐದನೆಯವನಿಗೆ ಇಲ್ಲ. ಅಯ್ಯೋ.

ಮೇಷ್ಟ್ರೇ, ಅವನು ನೆಲದವನು. ಸಿಂಕರ್ (ಕೊನೆಗೆ ಕೆಳಗಿಳಿಯುವ ಚೆಂಡು) ಎಸೆಯುತ್ತಾನೆ, ಅರ್ಧಕ್ಕಿಂತ ಜಾಸ್ತಿ ಗ್ರೌಂಡ್‌ಬಾಲ್. ಹೋಮ್‌ರನ್ ತುಂಬಾ ಏನೂ ಕೊಡುವುದಿಲ್ಲ, ವಾಕ್ ಮಾತ್ರ ಸ್ವಲ್ಪ ಜಾಸ್ತಿ. ಮೂರನೇ ಸಲ ಅದೇ ಬ್ಯಾಟ್ಸ್‌ಮನ್‌ಗಳು ಬಂದಾಗ ಕಷ್ಟ ಪಡುತ್ತಾನೆ, ಅದು ನನ್ನ ಕಣ್ಣಿಗೇ ಕಾಣುತ್ತದೆ, ಅಂಕಿ ಬೇಕಾಗಿಲ್ಲ.

ಬುಲ್‌ಪೆನ್ ಫೋನ್:

ಹಾಗಾದರೆ ಇಷ್ಟೆಲ್ಲ ಯಾಕೆ? ಹುಡುಗನಿಗೆ ಹದಿನೆಂಟು ಬ್ಯಾಟ್ಸ್‌ಮನ್ ಸಾಕು. ಎರಡು ಸುತ್ತು ಎಸೆಯಲಿ, ಇಳಿಸಿ. ಇಲ್ಲವೇ ಮೊದಲ ಇನ್ನಿಂಗ್ಸ್ ಒಬ್ಬ ರಿಲೀವರ್ ಕೈಲಿ ಹಾಕಿಸಿ, ಎರಡನೆಯದರಿಂದ ಇವನು. 2018ರ ಮೇನಲ್ಲಿ ಟ್ಯಾಂಪಾ ಬೇ ರೇಸ್‌ನವರು ರಿಲೀವರ್ ಸರ್ಜಿಯೊ ರೊಮೊನನ್ನು ಎರಡು ದಿನ ಸತತವಾಗಿ ಓಪನರ್ ಮಾಡಿದಾಗ ಎಲ್ಲರೂ ನಕ್ಕರು. ಅದೇ ವರ್ಷ ಅವರ ರಯಾನ್ ಯಾರ್‌ಬ್ರೋ 38 ಮ್ಯಾಚ್‌ನಲ್ಲಿ ಆರು ಮಾತ್ರ ಸ್ಟಾರ್ಟ್ ಮಾಡಿ 16 ಗೆಲುವು ತೆಗೆದುಕೊಂಡ. ಡಿಗ್ರಾಮ್ 1.70 ಇಆರ್‌ಎಗೆ ಪಡೆದಿದ್ದು 10 ಗೆಲುವು, 9 ಸೋಲು! ಗೆಲುವಿನ ಲೆಕ್ಕ ನೋಡಿ ಪಿಚರ್ ಅಳೆಯುವವರು ಇದನ್ನು ಓದಿ ನೀರು ಕುಡಿಯಿರಿ.

ಹಳೇ ಗ್ಲೌವ್:

ಗೆಲುವಿನ ಲೆಕ್ಕ ನಾನೂ ಎತ್ತಲಿಲ್ಲ ಸ್ವಾಮಿ. ಆದರೆ "ಮೂರನೇ ಸುತ್ತು, ಇಳಿಸಿ" ಅನ್ನುವ ಈ ಮಂತ್ರ ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 2020ರ ವರ್ಲ್ಡ್ ಸೀರೀಸ್, ಆರನೇ ಮ್ಯಾಚ್. ಅದೇ ರೇಸ್ 1-0 ಮುಂದೆ. ಅವರ ಪಿಚರ್ ಬ್ಲೇಕ್ ಸ್ನೆಲ್ ಎಸೆದಿದ್ದು 73 ಚೆಂಡು, 9 ಸ್ಟ್ರೈಕ್‌ಔಟ್, ಒಂದೂ ವಾಕ್ ಇಲ್ಲ. ಡಾಡ್ಜರ್ಸ್‌ನ ಮೊದಲ ಮೂರು ಜನ, ಬೆಟ್ಸ್, ಸೀಗರ್, ಟರ್ನರ್, ಅಲ್ಲಿಯವರೆಗೆ ಆರು ಸಲ ಬಂದು ಆರು ಸಲವೂ ಸ್ಟ್ರೈಕ್‌ಔಟ್. ಆರನೇ ಇನ್ನಿಂಗ್ಸ್‌ನಲ್ಲಿ ಒಂದು ಸಿಂಗಲ್ ಬಿತ್ತು, ಸ್ನೆಲ್ ಕೊಟ್ಟ ಎರಡನೇ ಹಿಟ್ ಅದು. ರೇಸ್ ಮ್ಯಾನೇಜರ್ ಕೆವಿನ್ ಕ್ಯಾಶ್ ಡಗ್‌ಔಟ್‌ನಿಂದ ಎದ್ದು ಬಂದ, ಸ್ನೆಲ್‌ನನ್ನು ಇಳಿಸಿದ. ಬೆಟ್ಸ್ ಬ್ಯಾಟ್ ಹಿಡಿದು ನಿಂತು ನೋಡುತ್ತಿದ್ದಾನೆ, ಬದುಕಿದೆಯಾ ಬಡಜೀವವೇ ಅನ್ನುವ ಹಾಗೆ. ಬಂದ ನಿಕ್ ಆಂಡರ್ಸನ್ ಆ ತಿಂಗಳು ಹೋದಲ್ಲೆಲ್ಲ ರನ್ ಕೊಡುತ್ತಿದ್ದವನು. ಡಬಲ್, ವೈಲ್ಡ್ ಪಿಚ್ (ಕ್ಯಾಚರ್ ಕೈಗೆ ಸಿಗದ ಎಸೆತ), ಗ್ರೌಂಡ್‌ಬಾಲ್, ಡಾಡ್ಜರ್ಸ್ 2-1 ಮುಂದೆ. ಮ್ಯಾಚ್ 3-1ಕ್ಕೆ ಹೋಯಿತು, ಸೀರೀಸೂ ಹೋಯಿತು.

ಸರಾಸರಿ ಪಿಚರ್‌ಗೆ ಮೂರನೇ ಸುತ್ತು ಕಷ್ಟ, ಗೊತ್ತು. ಆದರೆ ಆ ರಾತ್ರಿ ಸ್ನೆಲ್ ಸರಾಸರಿ ಪಿಚರ್ ಆಗಿರಲಿಲ್ಲ.

ಲೆಕ್ಕದ ಮೇಷ್ಟ್ರು:

ಇದರಲ್ಲಿ ಅರ್ಧ ನಿಮ್ಮ ಕಡೆ ಇದ್ದೇನೆ. ಅಂಕಿಗಳ ಪ್ರಕಾರವೂ ಆ ನಿರ್ಧಾರ ಅಷ್ಟು ಗಟ್ಟಿ ಇರಲಿಲ್ಲ, ಯಾಕೆಂದರೆ ಹೋಲಿಕೆ ಆಗಬೇಕಿದ್ದು ಸುಸ್ತಾದ ಸ್ನೆಲ್ ಮತ್ತು ತಾಜಾ ರಿಲೀವರ್ ನಡುವೆ ಅಲ್ಲ, ಆ ಹೊತ್ತಿನ ಸ್ನೆಲ್ ಮತ್ತು ಆ ಹೊತ್ತಿನ ಆಂಡರ್ಸನ್ ನಡುವೆ. ಆದರೆ ಇದನ್ನೇ ಹಿಡಿದುಕೊಂಡು ಎಲ್ಲಾ ಕಡೆ ಬೀಸಬೇಡಿ. 2016ರ ವರ್ಲ್ಡ್ ಸೀರೀಸ್ ಏಳನೇ ಮ್ಯಾಚ್‌ನಲ್ಲಿ ನಿಮ್ಮದೇ ಹೆಂಡ್ರಿಕ್ಸ್‌ನನ್ನು ಕಬ್ಸ್ ಮ್ಯಾನೇಜರ್ ಜೋ ಮ್ಯಾಡನ್ 63 ಚೆಂಡಿಗೇ ಇಳಿಸಿದ, 5-1 ಮುಂದಿದ್ದಾಗ. ಬಂದ ಲೆಸ್ಟರ್ ಒಂದೇ ವೈಲ್ಡ್ ಪಿಚ್‌ಗೆ ಎರಡು ರನ್ ಕೊಟ್ಟ. ಕೊನೆಗೆ ಕಬ್ಸ್ ಹತ್ತನೇ ಇನ್ನಿಂಗ್ಸ್‌ನಲ್ಲಿ 8-7ಕ್ಕೆ ಗೆದ್ದರು, ಹಾಗಾಗಿ ಆ ನಿರ್ಧಾರದ ಬಗ್ಗೆ ಇವತ್ತು ಯಾರೂ ಅಷ್ಟು ಬಯ್ಯುವುದಿಲ್ಲ. ಗೆದ್ದವನ ತಪ್ಪು ಯಾರಿಗೂ ನೆನಪಿರುವುದಿಲ್ಲ.

ಎಡಗೈ ಅವರೇ, ಗ್ರೌಂಡ್‌ಬಾಲ್ ಅಂದಿರಿ, ಅದು ನನ್ನ ಅಭಿಪ್ರಾಯವನ್ನು ಸ್ವಲ್ಪ ಬದಲಿಸುತ್ತದೆ. ನೆಲಕ್ಕೆ ಹೋದ ಚೆಂಡು ಹೋಮ್‌ರನ್ ಆಗುವುದಿಲ್ಲ, ಡಬಲ್ ಪ್ಲೇ (ಒಂದೇ ಚೆಂಡಿಗೆ ಎರಡು ಔಟ್) ಆಗಬಹುದು. ವಾಕ್ ಕೊಟ್ಟಮೇಲೂ ಇವನು ಪಾರಾಗುವುದು ಅದರಿಂದಲೇ ಇರಬೇಕು, ಡಬಲ್ ಪ್ಲೇಯನ್ನು ಎಫ್‌ಐಪಿ ಎಣಿಸುವುದೇ ಇಲ್ಲ. ಆದರೆ 2023ರಿಂದ ಸೆಕೆಂಡ್ ಬೇಸ್‌ನ ಎರಡೂ ಕಡೆ ಇಬ್ಬಿಬ್ಬರು ಇನ್‌ಫೀಲ್ಡರ್ ನಿಲ್ಲಲೇಬೇಕು, ಮೂವರನ್ನು ಒಂದೇ ಕಡೆ ಗುಡ್ಡೆ ಹಾಕಲು ಆಗುವುದಿಲ್ಲ. ಇಂಥ ಪಿಚರ್ ಪೂರ್ತಿ ನಿಂತಿರುವುದು ಶಾರ್ಟ್‌ಸ್ಟಾಪ್ ಕಾಲ ಮೇಲೆ. ನಿಮ್ಮ ಶಾರ್ಟ್‌ಸ್ಟಾಪ್ ಚುರುಕಾಗಿದ್ದರೆ ಹುಡುಗನ ಇಆರ್‌ಎ 4ಕ್ಕೆ ಹೋಗದೆ 3.50ರ ಹತ್ತಿರ ನಿಲ್ಲಬಹುದು ಅಂತ ನನ್ನ ಅಂದಾಜು. ಅಂಥ ನಾಲ್ಕನೇ ಸ್ಟಾರ್ಟರ್ ಯಾರಿಗೂ ಬೇಡ ಅನಿಸುವುದಿಲ್ಲ.

ನಲವತ್ತರ ಪಟ್ಟಿ:

ಸರಿ, ಹಾಗಿದ್ದರೆ ನನ್ನ ಮೊದಲಿನ ಮಾತು ಬದಲಿಸುತ್ತೇನೆ, ಇದು ನನ್ನ ತೀರ್ಪು. ಹುಡುಗ ಉಳಿಯಲಿ, ಐದನೆಯವನು ಬುಲ್‌ಪೆನ್‌ಗೆ. ಒಂದು ಇನ್ನಿಂಗ್ಸ್ ಪೂರ್ತಿ ಜೋರಾಗಿ ಎಸೆದರೆ ಅವನ ಸ್ಟ್ರೈಕ್‌ಔಟ್ ಇನ್ನೂ ಏರುತ್ತದೆ, ವೇವರ್ಸ್ ತಲೆನೋವೂ ಇಲ್ಲ. ಬುಲ್‌ಪೆನ್‌ನಲ್ಲಿ ಆಪ್ಷನ್ ಇರುವ ಯಾರೋ ಒಬ್ಬ ಬಡಪಾಯಿ ಕೆಳಗೆ ಹೋಗುತ್ತಾನೆ. ಆ ಬಡಪಾಯಿ ಬಗ್ಗೆ ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ನೋಡಿ.

ಎಡಗೈ ಸಿಂಕರ್:

ಇದು ಗೆಳೆಯನಿಗೆ ಹೇಳಿದೆ. "ಐದನೆಯವನು ಬುಲ್‌ಪೆನ್‌ಗಾ? ಅವನ ಎಫ್‌ಐಪಿ ನೋಡಿದ್ದೀಯಾ?" ಅಂದ. ಮೇಷ್ಟ್ರ ಡಬಲ್ ಪ್ಲೇ ಮಾತು ಎತ್ತಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದ, ನಾನು ಅದನ್ನೇ ಗೆಲುವು ಅಂತ ಬರೆದುಕೊಂಡಿದ್ದೇನೆ.

ಶಾರ್ಟ್‌ಸ್ಟಾಪ್ ವಿಷಯ ಮಾತ್ರ ಕೇಳಬೇಡಿ. ನಿನ್ನೆಯಿಂದ ತೊಡೆ ಹಿಡಿದುಕೊಂಡು ಕುಂಟುತ್ತಿದ್ದಾನೆ.