ಅರ್ಧಕ್ಕಿಳಿದ ಗೃಹಸಾಲ ಕಂಪನಿಯ ಷೇರನ್ನು ಇನ್ನಷ್ಟು ಕೊಳ್ಳಬಹುದೇ?

ಪ್ರಶ್ನೆ (ಗಿರಿನಗರದಿಂದ):
ಬೆಳಗ್ಗೆ ದರ್ಶಿನಿಯಲ್ಲಿ ಕಾಫಿಗೆ ಸೇರುವ ನನ್ನ ಗೆಳೆಯರೊಬ್ಬರು, 2009ರ ಮಾರ್ಚ್‌ನಲ್ಲಿ ಅಮೆರಿಕದ ಸಿಟಿಗ್ರೂಪ್ ಬ್ಯಾಂಕಿನ ಷೇರು ಒಂದು ಡಾಲರ್‌ಗಿಂತ ಕೆಳಗಿಳಿದಾಗ ಕೊಂಡವರೇ ಜಾಣರು ಎಂದು ಪದೇ ಪದೇ ಹೇಳುತ್ತಾರೆ. ನನ್ನಲ್ಲಿರುವ ಗೃಹಸಾಲ ಕಂಪನಿಯೊಂದರ ಷೇರು ಕೊಂಡ ಬೆಲೆಯ ಅರ್ಧಕ್ಕೆ ಬಂದಿದ್ದು, ಪುಸ್ತಕ ಮೌಲ್ಯಕ್ಕಿಂತಲೂ (ಕಂಪನಿಯ ಆಸ್ತಿಯಲ್ಲಿ ಸಾಲ ಕಳೆದು ಷೇರೊಂದಕ್ಕೆ ಉಳಿಯುವ ಮೊತ್ತ) ಕಡಿಮೆಯಿದೆ. ಈ ತಿಂಗಳು ಕೈಗೆ ಬರುವ ನಾಲ್ಕು ಲಕ್ಷದ ಠೇವಣಿ ಹಣವನ್ನು ಅದಕ್ಕೇ ಹಾಕಿ ಆವರೇಜ್ ಮಾಡಬಹುದೇ, ಅಂದರೆ ಇನ್ನಷ್ಟು ಕೊಂಡು ಸರಾಸರಿ ಕೊಂಡ ಬೆಲೆಯನ್ನು ಇಳಿಸಿಕೊಳ್ಳಬಹುದೇ?

ಉತ್ತರ (ಮಲ್ಲೇಶ್ವರ, ನಿವೃತ್ತ ಬ್ಯಾಂಕ್ ಅಧಿಕಾರಿ):
ಸರ್, 2007ರಲ್ಲಿ 55 ಡಾಲರ್ ಆಸುಪಾಸಿನಲ್ಲಿದ್ದ ಅದೇ ಷೇರು 2008ರ ಆರಂಭದಲ್ಲಿ ಅರ್ಧಕ್ಕಿಳಿದಾಗ ಅಗ್ಗವೆಂದು ಕೊಂಡವರ ಸುದ್ದಿಯನ್ನು ಕಾಫಿ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ತಾವು ಈಗ ನಿಂತಿರುವುದು ಅವರ ಜಾಗದಲ್ಲಿ. ಬ್ಯಾಂಕನ್ನು ಉಳಿಸಲು 2009ರಲ್ಲಿ ಆದ್ಯತಾ ಷೇರುಗಳನ್ನು (ಲಾಭಾಂಶದಲ್ಲಿ ಮೊದಲ ಹಕ್ಕಿರುವ ಷೇರು) 3.25 ಡಾಲರ್ ದರದಲ್ಲಿ ಸಾಮಾನ್ಯ ಷೇರುಗಳಾಗಿ ಪರಿವರ್ತಿಸಿದ್ದರಿಂದ ಷೇರುಗಳ ಸಂಖ್ಯೆ ಹೆಚ್ಚಿ ಹಳೆಯ ಷೇರುದಾರರ ಪಾಲು ಕರಗಿಹೋಯಿತು. 2011ರಲ್ಲಿ ಹತ್ತು ಷೇರುಗಳನ್ನು ಕೂಡಿಸಿ ಒಂದು ಮಾಡಿದರು. 2008ರಲ್ಲಿ ಷೇರಿಗೆ 27 ಡಾಲರ್ ಕೊಟ್ಟವರಿಗೆ ಹೊಸ ಲೆಕ್ಕದಲ್ಲಿ ಅಸಲೇ 270 ಡಾಲರ್. ಬ್ಯಾಂಕು ಉಳಿಯಿತು, ಅವರ ದುಡ್ಡು ಉಳಿಯಲಿಲ್ಲ.

ಪುಸ್ತಕ ಮೌಲ್ಯದ ಧೈರ್ಯವೂ ಅಷ್ಟು ಗಟ್ಟಿಯಲ್ಲ. ನೂರು ರೂಪಾಯಿ ಸಾಲ ಕೊಟ್ಟ ಸಂಸ್ಥೆಯ ಸ್ವಂತ ಬಂಡವಾಳ ಹತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಸಾಲದಲ್ಲಿ ಹತ್ತು ರೂಪಾಯಿ ಮುಳುಗಿದರೆ ಷೇರುದಾರನಿಗೆ ಉಳಿಯುವುದು ಸೊನ್ನೆ. ಸಂಬಳದಾರರ ಮನೆಸಾಲ ಸಾಮಾನ್ಯವಾಗಿ ಹಾಗೆ ಮುಳುಗುವುದಿಲ್ಲ, ಏಕೆಂದರೆ 75 ಲಕ್ಷ ಮೀರಿದ ಸಾಲವಾದರೆ ಮನೆಯ ಬೆಲೆಯ ಶೇ. 75ಕ್ಕಿಂತ ಹೆಚ್ಚು ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಮಿತಿಯಿದೆ. ಭಯವಿರುವುದು ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟಿನ ಬಿಲ್ಡರ್‌ಗೆ ಕೊಟ್ಟ ಸಾಲದಲ್ಲಿ. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷದ ಸಾಲ ಕೊಡಲು ಕಂಪನಿ ಮೂರು ತಿಂಗಳ ಕೈಸಾಲ ತಂದಿದೆಯೇ ನೋಡಿ. 2018ರಲ್ಲಿ ಐಎಲ್ ಅಂಡ್ ಎಫ್ಎಸ್ ಎಂಬ ಮೂಲಸೌಕರ್ಯ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಸುಸ್ತಿಯಾದಾಗ ಎಷ್ಟೋ ಗೃಹಸಾಲ ಕಂಪನಿಗಳಿಗೆ ಉಸಿರು ಕಟ್ಟಿದ್ದು ಹೊಸ ಕೈಸಾಲ ಸಿಗದೆಯೇ.

ಉತ್ತರ (ರಾಜಾಜಿನಗರ):
ಹೆಸರು ಬೇಡ, ಇಂಥದೇ ಒಂದು ಕಂಪನಿಯ ಷೇರನ್ನು ನಾನು ಇಳಿದಂತೆಲ್ಲ ನಾಲ್ಕು ಸಲ ಕೊಂಡೆ. ಕೊನೆಗೆ ದಿವಾಳಿ ಪ್ರಕ್ರಿಯೆ ಮುಗಿದಾಗ ಡಿಮ್ಯಾಟ್ ಖಾತೆಯಲ್ಲಿ ಆ ಷೇರಿನ ಹೆಸರೇ ಇರಲಿಲ್ಲ. ಅಮೆರಿಕದ ಬ್ಯಾಂಕ್ ವಾಷಿಂಗ್ಟನ್ ಮ್ಯೂಚುವಲ್‌ನಲ್ಲೂ ಹೀಗೆಯೇ: 2008ರ ಸೆಪ್ಟೆಂಬರ್ 25ರಂದು ಸರ್ಕಾರ ಅದನ್ನು ವಶಪಡಿಸಿಕೊಂಡು ಜೆಪಿ ಮಾರ್ಗನ್‌ಗೆ ಮಾರಿತು. ಮರುದಿನ ಶಾಖೆಗಳು ಎಂದಿನಂತೆ ಬಾಗಿಲು ತೆರೆದವು, ಠೇವಣಿದಾರರಿಗೆ ಏನೂ ಆಗಲಿಲ್ಲ, ಷೇರುದಾರರು ಮಾತ್ರ ಹೊರಗುಳಿದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನಿನ್ನೆ ರಾತ್ರಿ ವಾರ್ಷಿಕ ವರದಿ ತೆರೆದು ನೋಡಿದೆ. ಸಾಲದಲ್ಲಿ ಮೂರನೇ ಒಂದು ಪಾಲು ಬಿಲ್ಡರ್‌ಗಳದು. ಒಂದು ವರ್ಷದೊಳಗೆ ಕಂಪನಿ ತೀರಿಸಬೇಕಾದ ಮೊತ್ತವು ಅಷ್ಟರಲ್ಲಿ ಅದಕ್ಕೆ ಬರಬೇಕಾದುದಕ್ಕಿಂತ ಹೆಚ್ಚಿದೆ. ಠೇವಣಿಯನ್ನು ನವೀಕರಿಸುತ್ತೇನೆ. ಇರುವ ಷೇರನ್ನು ನಷ್ಟಕ್ಕೆ ಮಾರಲು ಮಾತ್ರ ಇನ್ನೂ ಕೈ ಬರುತ್ತಿಲ್ಲ.