ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಹಲ್ಲಿನ ಬೇರು ತೆಗೆಸಬೇಕು, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕಾ?

ಕಡಲತೀರದವಳು, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮ ಅಪ್ಪನಿಗೆ 64 ವರ್ಷ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೆಯುತ್ತಿವೆ. ಶುಗರ್ ಕೂಡ ಇದೆ, ಮಾತ್ರೆಯಲ್ಲೇ ಕಂಟ್ರೋಲ್‌ನಲ್ಲಿದೆ.

ಕೆಳಗಿನ ಬಲಗಡೆ ದವಡೆ ಹಲ್ಲು ಹುಳುಕಾಗಿ ಮೇಲಿನ ಭಾಗ ಪೂರ್ತಿ ಮುರಿದು ಹೋಗಿದೆ. ವಸಡಿನ ಒಳಗೆ ಬೇರು ಮಾತ್ರ ಉಳಿದಿದೆ. ಎರಡು ಸಲ ಕೀವು ತುಂಬಿ ಕೆನ್ನೆ ಊದಿಕೊಂಡಿತ್ತು, ಆ್ಯಂಟಿಬಯೋಟಿಕ್ ತೆಗೆದುಕೊಂಡಾಗ ಇಳಿಯುತ್ತದೆ, ಆಮೇಲೆ ಮತ್ತೆ ಅದೇ ಕತೆ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ನೋಡಿ, ವಸಡು ಬಿಡಿಸಿ ಬೇರು ತೆಗೆಯಬೇಕು ಅಂದರು. ಅದಕ್ಕೆ ನಾವು ಒಪ್ಪಿದ್ದೇವೆ. ಆದರೆ ರಕ್ತ ತೆಳು ಮಾಡುವ ಎರಡೂ ಮಾತ್ರೆಗಳನ್ನು ಒಂದು ವಾರ ನಿಲ್ಲಿಸಿಕೊಂಡು ಬನ್ನಿ ಎಂದು ಬಾಯಲ್ಲೇ ಹೇಳಿ ಕಳಿಸಿದರು. ಹಾರ್ಟ್ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ನೋಡಿದರೆ, ಇವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು ಎಂದು ಎರಡು ಗೆರೆ ಎಳೆದು ಬರೆದಿದ್ದಾರೆ.

ಯಾರ ಮಾತು ಕೇಳುವುದು ಗೊತ್ತಾಗುತ್ತಿಲ್ಲ. ಅಪ್ಪ ಅಂತೂ "ಒಂದು ವಾರಕ್ಕೆ ಏನಾಗುತ್ತೆ, ನಿಲ್ಲಿಸಿಬಿಡೋಣ" ಅಂತಾರೆ. ನನಗೆ ಧೈರ್ಯ ಇಲ್ಲ. ಇನ್ನೊಂದು ವಿಷಯ, ಅವರಿಗೆ ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಆಪರೇಷನ್ ಆದಮೇಲೆ ಅದನ್ನು ಎಷ್ಟು ದಿನ ಬಿಡಿಸಬೇಕು, ಊಟಕ್ಕೆ ಏನು ಕೊಡಬೇಕು, ಅದನ್ನೂ ಹೇಳಿ.

ದವಡೆ ಡಾಕ್ಟರ್, ಪುಣೆ:

ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಮೊದಲು ಇದನ್ನು ಅಪ್ಪನಿಗೆ ಹೇಳಿ, ಉಳಿದದ್ದನ್ನು ಆಮೇಲೆ ಓದಿ.

ನಾನು ಓರಲ್ ಸರ್ಜರಿಯಲ್ಲೇ, ಅಂದರೆ ಬಾಯಿ ದವಡೆಯ ಆಪರೇಷನ್‌ನಲ್ಲೇ, ಎಂಡಿಎಸ್ ಡಿಗ್ರಿ ಮಾಡಿದವನು, ಇಂಥ ಪೇಷಂಟ್‌ಗಳು ನಮ್ಮಲ್ಲಿಗೆ ವಾರವಾರವೂ ಬರುತ್ತಾರೆ. ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಇಟ್ಟಿರುವ ಲೋಹದ ಜಾಳಿಗೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಈ ಎರಡು ಮಾತ್ರೆ ಕಾಯುತ್ತವೆ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ 12 ತಿಂಗಳು ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ನಿಮ್ಮ ಅಪ್ಪನಿಗೆ ಅದು ಇನ್ನೂ ಮುಗಿದಿಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿ ಮತ್ತೆ ಅಟ್ಯಾಕ್ ಆಗಬಹುದು, ಜೀವಕ್ಕೇ ಅಪಾಯ. ಹಲ್ಲು ತೆಗೆದ ಜಾಗದಲ್ಲಿ ರಕ್ತ ಸ್ವಲ್ಪ ಹೆಚ್ಚು ಹೊತ್ತು ಬರಬಹುದು, ಆದರೆ ಅದು ನಮ್ಮ ಕಣ್ಣೆದುರಿಗೇ ಇರುವ ಜಾಗ, ಒತ್ತಿ ಹಿಡಿಯಬಹುದು, ಹೊಲಿಯಬಹುದು. ಹೃದಯದ ನಾಳವನ್ನು ಯಾರೂ ಹಾಗೆ ಒತ್ತಿ ಹಿಡಿಯೋಕೆ ಆಗಲ್ಲ. ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಡೆಂಟಲ್ ಅಸೋಸಿಯೇಷನ್ ಸೇರಿ 2007ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿವೆ.

"ಒಂದೆರಡು ದಿನ ಮಾತ್ರ ಬಿಟ್ಟರೆ?" ಎಂದೂ ಜನ ಕೇಳುತ್ತಾರೆ. ಅದರಿಂದ ರಕ್ತಸ್ರಾವಕ್ಕೂ ಹೆಚ್ಚು ಉಪಯೋಗವಿಲ್ಲ. ಈ ಮಾತ್ರೆಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಅವು ಬದುಕಿರುವಷ್ಟು ದಿನವೂ ಸುಮ್ಮನಾಗಿಸುತ್ತವೆ, ಒಂದು ಕಣದ ಆಯಸ್ಸು ಸುಮಾರು 7ರಿಂದ 10 ದಿನ. ಹೊಸ ಕಣಗಳು ಹುಟ್ಟಿ ಬಂದ ಮೇಲಷ್ಟೇ ರಕ್ತ ಮೊದಲಿನ ಹಾಗೆ ಹೆಪ್ಪುಗಟ್ಟೋದು. ಅಂದರೆ ನಿಲ್ಲಿಸಿದ್ದು ಉಪಯೋಗಕ್ಕೆ ಬರುವ ಹೊತ್ತಿಗೆ ಸ್ಟೆಂಟ್‌ಗೆ ಕಾವಲೇ ಇರುವುದಿಲ್ಲ.

ಹಾಗಾದರೆ ರಕ್ತ ನಿಲ್ಲಿಸೋದು ಹೇಗೆ ಅಂದರೆ, ಕೈಗೆಲಸದಿಂದ. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ವಸಡನ್ನು ಸ್ವಲ್ಪ ಬಿಡಿಸಿ, ಬೇರನ್ನು ನೀರು ಹಾಯಿಸುತ್ತಾ ಡ್ರಿಲ್‌ನಿಂದ ಎರಡು ತುಂಡು ಮಾಡಿ ಒಂದೊಂದಾಗಿ ಎಬ್ಬಿಸುತ್ತೇವೆ. ಎಳೆದಾಡಿದಷ್ಟೂ ಗಾಯ ಜಾಸ್ತಿ, ಅದಕ್ಕೇ ತುಂಡು ಮಾಡೋದು. ಒಳಗಿರುವ ಕೀವಿನ ಗಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಯಾಕೆಂದರೆ ಅದು ಉಳಿದರೆ ರಕ್ತ ಜಿನುಗುತ್ತಲೇ ಇರುತ್ತದೆ. ಆಮೇಲೆ ಗುಂಡಿಯೊಳಗೆ ರಕ್ತ ಹಿಡಿಯುವ ಸಣ್ಣ ಸ್ಪಂಜು ಇಟ್ಟು, ಮೇಲೆ ಅಡ್ಡಡ್ಡ ಹೊಲಿಗೆ ಹಾಕಿ, ಗಾಜ್ ಬಟ್ಟೆ (ಗಾಯಕ್ಕೆ ಇಡುವ ತೆಳು ಹತ್ತಿ ಬಟ್ಟೆ) ಕಚ್ಚಿಸುತ್ತೇವೆ. ಬೇಕಾದರೆ ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಔಷಧದಲ್ಲಿ ಆ ಬಟ್ಟೆಯನ್ನು ಅದ್ದುತ್ತೇವೆ. ಇಷ್ಟು ಮಾಡಿ, ಅರ್ಧ ಮುಕ್ಕಾಲು ಗಂಟೆ ಅಲ್ಲೇ ಕೂರಿಸಿ, ಮತ್ತೆ ಬಾಯಿ ತೆರೆದು ನೋಡಿದ ಮೇಲೆಯೇ ಮನೆಗೆ ಕಳಿಸಬೇಕು. ಕೆಲಸ ಮುಗಿದ ಕೂಡಲೇ ಕಳಿಸುವ ಕಡೆ ಇದನ್ನು ಮಾಡಿಸಬೇಡಿ.

ಈಗ ನೀವು ಮಾಡಬೇಕಾದದ್ದು. ಹಾರ್ಟ್ ಡಾಕ್ಟರ್ ಹತ್ತಿರ ಹೋಗಿ, ಹಲ್ಲಿನ ಬೇರು ತೆಗೆಸಬೇಕು, ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ, ಉತ್ತರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಸಾಲದು. ಎಂಟು ತಿಂಗಳಿಗೇ ಈ ಸರ್ಜರಿ ಮಾಡಿಸಬಹುದಾ, ಇನ್ನೂ ಕಾಯಬೇಕಾ ಅನ್ನೋದನ್ನೂ ಅವರೇ ಹೇಳಬೇಕು. ಪದೇ ಪದೇ ಕೀವು ಆಗುತ್ತಿದೆ, ಶುಗರ್ ಬೇರೆ ಇದೆ, ಹಾಗಾಗಿ ಹೆಚ್ಚು ದಿನ ಮುಂದೂಡುವುದೂ ಒಳ್ಳೆಯದಲ್ಲ ಅಂತ ನನ್ನ ಅಭಿಪ್ರಾಯ. ಪೂರ್ತಿ ದವಡೆ ಕಾಣುವ ಓಪಿಜಿ ಎಕ್ಸ್‌ರೇ ಮಾಡಿಸಿ. ಕೆಳದವಡೆಯಲ್ಲಿ ಬೇರಿನ ಕೆಳಗೆ ಒಂದು ನರ ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಕೆಳತುಟಿ, ಗಲ್ಲ ಮರಗಟ್ಟಿದ ಹಾಗೆ ಉಳಿಯಬಹುದು. ಬೇರು ನರಕ್ಕೆ ಎಷ್ಟು ಹತ್ತಿರ ಇದೆ ಎಂದು ಸರ್ಜನ್‌ಗೆ ನೇರವಾಗಿ ಕೇಳಿ.

ಅಮ್ಮನ ಮಗ, ಮುಲುಂಡ್:

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಮ್ಮನಿಗೂ ಮಾತ್ರೆ ನಿಲ್ಲಿಸದೆಯೇ ಎರಡು ಹಲ್ಲು ತೆಗೆದಿದ್ದಾರೆ, ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜಿನಲ್ಲಿ. ಮಹಾನಗರಪಾಲಿಕೆಯದು, ಪಕ್ಕದಲ್ಲೇ ನಾಯರ್ ದೊಡ್ಡ ಆಸ್ಪತ್ರೆ ಇರೋದು ನಮಗೆ ದೊಡ್ಡ ಧೈರ್ಯವಾಗಿತ್ತು. ನಿಮಗೆ ಡೊಂಬಿವಲಿಯಿಂದ ಸೆಂಟ್ರಲ್ ಲೈನ್‌ನಲ್ಲಿ ನೇರ ಬೇಕಂದರೆ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆ ಕಡೆ ಸರ್ಕಾರಿ ಡೆಂಟಲ್ ಕಾಲೇಜ್ ಇದೆ. ಎರಡೂ ಕಡೆ ಓರಲ್ ಸರ್ಜರಿ ವಿಭಾಗ ಇದೆ, ಖರ್ಚು ಪ್ರೈವೇಟ್‌ಗಿಂತ ಎಷ್ಟೋ ಕಡಿಮೆ, ಆದರೆ ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು.

ವಾಪಸ್ ಬರುವಾಗ ಮಾತ್ರ ಲೋಕಲ್ ಟ್ರೇನ್ ಬೇಡ ಮಾರಾಯ್ರೇ. ಬಾಯಲ್ಲಿ ಗಾಜ್ ಕಚ್ಚಿಕೊಂಡು, ಅರ್ಧ ಮುಖ ಜೋಮು ಹಿಡಿದಿರುವವರನ್ನು ಆ ನೂಕುನುಗ್ಗಲಲ್ಲಿ ಕರೆತರಬೇಡಿ, ಯಾರದ್ದಾದರೂ ಮೊಣಕೈ ತಗುಲಿದರೆ ಕಷ್ಟ. ಟ್ಯಾಕ್ಸಿ ಮಾಡಿಕೊಳ್ಳಿ, ಇಲ್ಲಾಂದ್ರೆ ಮಧ್ಯಾಹ್ನ ಖಾಲಿ ಇರುವ ಹೊತ್ತಿಗೆ ಬನ್ನಿ.

ಮನೆಗೆ ಬಂದ ಮೇಲೆ ನಮ್ಮನ್ನು ಹೆಚ್ಚು ಹೆದರಿಸಿದ್ದು ಕೆಂಪು ಎಂಜಲು. ಅಮ್ಮ ಬೇಸಿನ್‌ಗೆ ಉಗುಳಲು ಹೋದಾಗಲೆಲ್ಲ ಪೂರ್ತಿ ರಕ್ತವೇ ಅನ್ನಿಸುತ್ತಿತ್ತು. ಒಂದು ಹನಿ ರಕ್ತ ಎಂಜಲಲ್ಲಿ ಬೆರೆತರೂ ಹಾಗೇ ಕಾಣುತ್ತದಂತೆ. ಉಗುಳಬೇಡಿ, ನುಂಗಿ ಅಂತ ಅಲ್ಲಿಯವರು ಹೇಳಿದ್ದರು. ಉಗುಳಿದರೆ ಗುಂಡಿಯಲ್ಲಿ ಕೂತ ಹೆಪ್ಪು ಎದ್ದು ಬರುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವುದೂ ಬೇಡ, ಅದೇ ಕಾರಣ. ಲೋಟಕ್ಕೆ ಬಗ್ಗಿಸಿ ಕೊಡಿ.

ವಾಸ್ಕೋ ಹುಡುಗ:

ಅಕ್ಕಾರ, ಎಲೆ ಅಡಿಕೆ ವಿಷಯ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಕಾಕಾನಿಗೆ ಬಾಂಬೋಳಿಯ ಗೋವಾ ಡೆಂಟಲ್ ಕಾಲೇಜಿನಲ್ಲಿ ಬುದ್ಧಿ ಹಲ್ಲು ತೆಗೆದರು. ಆಪರೇಷನ್ ಬಹಳ ಚಲೋ ಆಯಿತು, ಮೂರನೇ ದಿನಕ್ಕೆ ನೋವೇ ಇರಲಿಲ್ಲ ಅಂತ ತಂಬಾಕು ಸುಣ್ಣ ತಿಕ್ಕಿ ಹಾಕಿಕೊಂಡರು. ಮರುದಿನ ಕಿವಿಯವರೆಗೂ ಸಿಡಿಯುವ ನೋವು, ಬಾಯಿಂದ ಕೆಟ್ಟ ವಾಸನೆ, ರಾತ್ರಿಯೆಲ್ಲ ನಿದ್ದೆ ಇಲ್ಲ. ಗುಂಡಿಯಲ್ಲಿನ ಹೆಪ್ಪು ಹೋಗಿ ಎಲುಬು ಹಾಗೇ ತೆರೆದುಕೊಂಡಿತ್ತು, ಡ್ರೈ ಸಾಕೆಟ್ ಅಂತಾರೆ. ಮತ್ತೆ ಬಾಂಬೋಳಿಗೆ ಹೋಗಿ ಲವಂಗದೆಣ್ಣೆ ವಾಸನೆಯ ಔಷಧ ತುಂಬಿಸಿಕೊಂಡು ಬಂದ ಮೇಲೆ ಸಮಾಧಾನ ಆಯಿತು. ನೋವು ಇಲ್ಲ ಅಂದರೆ ಗಾಯ ಮಾಗಿದೆ ಅಂತ ಅಲ್ಲ, ಅದನ್ನು ನಿಮ್ಮ ಅಪ್ಪನಿಗೆ ಮೊದಲೇ ಹೇಳಿ ಇಡಿ. ಹೊಲಿಗೆ ಬಿಚ್ಚುವವರೆಗಾದರೂ ಎಲೆ ಅಡಿಕೆ ಡಬ್ಬಿ ಕಪಾಟಿನಲ್ಲಿಟ್ಟು ಕೀಲಿ ಹಾಕಿರಿ.

ಕಡಲತೀರದವಳು, ಡೊಂಬಿವಲಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹಾರ್ಟ್ ಡಾಕ್ಟರ್ ಹತ್ತಿರ ಹೋಗಿದ್ದೆವು. ಒಂದು ವಾರ ನಿಲ್ಲಿಸಿ ಅಂದಿದ್ದಾರೆ ಅಂತ ಹೇಳಿದ ಕೂಡಲೇ ಅವರು ಪೆನ್ ಕೆಳಗಿಟ್ಟು ಅಪ್ಪನ ಮುಖವನ್ನೇ ನೋಡಿದರು. ಎರಡೂ ಮಾತ್ರೆ ಮುಂದುವರಿಸಿ, ಹಲ್ಲು ತೆಗೆಸಬಹುದು ಎಂದು ಬರೆದು ಸೀಲ್ ಹಾಕಿ ಕೊಟ್ಟಿದ್ದಾರೆ. ಅಪ್ಪನೂ ಈಗ ಒಪ್ಪಿದ್ದಾರೆ. ಆ ಕ್ಲಿನಿಕ್ ಬೇಡ, ಡೆಂಟಲ್ ಕಾಲೇಜಿಗೇ ಹೋಗುವುದು ಅಂತ ತೀರ್ಮಾನ ಆಯಿತು.

ಡಾಕ್ಟ್ರೇ, ಇನ್ನು ಮೂರು ಪ್ರಶ್ನೆ. ಆ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಶುಗರ್ ಮಾತ್ರೆ ಕೊಡಬೇಕಾ? ಮನೆಯಲ್ಲಿ ಬ್ರೂಫೆನ್ ಇದೆ, ನೋವಿಗೆ ಅದು ನಡೆಯುತ್ತಾ?

ದವಡೆ ಡಾಕ್ಟರ್, ಪುಣೆ:

ತುಂಬಾ ಒಳ್ಳೆಯದಾಯಿತು. ಖಾಲಿ ಹೊಟ್ಟೆ ಬೇಡವೇ ಬೇಡ. ಇದು ಬರೀ ಜೋಮು ಇಂಜೆಕ್ಷನ್‌ನಲ್ಲಿ ಮಾಡುವ ಕೆಲಸ, ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ದಿನದ ಹಾಗೇ ತಿಂಡಿ ತಿನ್ನಿಸಿ, ಶುಗರ್ ಮಾತ್ರೆ, ಹಾರ್ಟ್ ಮಾತ್ರೆ ಎಲ್ಲ ಆಯಾ ಹೊತ್ತಿಗೆ ಕೊಡಿ. ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟೇ ಕೇಳಿ, ರಕ್ತ ಜಿನುಗಿದರೆ ಅದೇ ದಿನ ವಾಪಸ್ ಹೋಗಲು ಟೈಮ್ ಇರುತ್ತದೆ. ಆಪರೇಷನ್ ಆದಮೇಲೆ ಊಟ ಕಡಿಮೆಯಾಗಿ ಶುಗರ್ ಇಳಿಯುವ ಸಾಧ್ಯತೆ ಇದೆ, ಮನೆಯಲ್ಲಿ ಮೆಷಿನ್ ಇದ್ದರೆ ಆಗಾಗ ನೋಡುತ್ತಿರಿ, ಕಡಿಮೆ ಬಂದರೆ ಶುಗರ್ ಡಾಕ್ಟರ್‌ಗೆ ಫೋನ್ ಮಾಡಿ ಡೋಸ್ ಕೇಳಿ.

ಬ್ರೂಫೆನ್, ಡೈಕ್ಲೋಫೆನಾಕ್ ಎರಡೂ ಬೇಡ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಅವು ಸೇರಿದರೆ ರಕ್ತಸ್ರಾವ ಹೆಚ್ಚುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಪ್ಯಾರಾಸಿಟಮಾಲ್ ಸಾಕು, ಡೋಸ್ ಅಲ್ಲಿನ ಸರ್ಜನ್ ಬರೆದುಕೊಡುತ್ತಾರೆ. ಅಪ್ಪನಿಗೆ ಪೆನಿಸಿಲಿನ್ ಅಲರ್ಜಿ ಏನಾದರೂ ಇದ್ದರೆ ಮೊದಲೇ ಹೇಳಿ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಕೆನ್ನೆಯ ಹೊರಗೆ ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ಬಿಟ್ಟು, ಮತ್ತೆ ಇಡಿ. ಬಾಯಿ ಮುಕ್ಕಳಿಸುವುದು 24 ಗಂಟೆ ಆದಮೇಲೆ, ಅದೂ ಉಗುರು ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ನಿಧಾನ ಆಡಿಸಿ ತಾನಾಗಿ ಬೀಳಲು ಬಿಡಬೇಕು. ಊತ ಎರಡು ಮೂರನೇ ದಿನ ಹೆಚ್ಚಾಗುತ್ತದೆ, ಅದಕ್ಕೆ ಗಾಬರಿ ಬೇಡ. ಊಟಕ್ಕೆ ತಣ್ಣಗಾದ ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿಯನ್ನು ಹಾಲಲ್ಲಿ ಕಲಸಿ ಕೊಡಿ. ಚಿವಡಾ, ಸೇವ್, ಅವಲಕ್ಕಿ ಒಗ್ಗರಣೆ ದೂರ ಇಡಿ, ಚೂರು ಹೋಗಿ ಗುಂಡಿಯಲ್ಲಿ ಕೂರುತ್ತದೆ. ರೇಷ್ಮೆ ದಾರದ ಹೊಲಿಗೆಯಾದರೆ ಸುಮಾರು 7 ದಿನಕ್ಕೆ ಬಿಚ್ಚುತ್ತಾರೆ.

ರಾತ್ರಿ ರಕ್ತ ಬಂದರೆ ಗಾಜ್ ಬಟ್ಟೆಯನ್ನು ಗಟ್ಟಿಯಾಗಿ ಮಡಚಿ ಅರ್ಧ ಗಂಟೆ ಕಚ್ಚಿಸಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ, ನೋಡಿದಷ್ಟೂ ಮತ್ತೆ ಶುರುವಾಗುತ್ತದೆ. ಗಾಜ್ ಮುಗಿದಿದ್ದರೆ ಒದ್ದೆ ಮಾಡಿ ತಣ್ಣಗಾದ ಟೀ ಬ್ಯಾಗ್ ಕೂಡ ಆಗುತ್ತದೆ, ಟೀಯ ಒಗರು ರಕ್ತ ಹಿಡಿಯುತ್ತದೆ. ಎರಡು ಸಲ ಹೀಗೆ ಮಾಡಿಯೂ ಬಾಯಿ ತುಂಬ ರಕ್ತ ಬರುತ್ತಿದ್ದರೆ, ಅಥವಾ ಯಾವಾಗಲೇ ಆಗಲಿ ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ. ಮೂರು ದಿನದ ನಂತರವೂ ಊತ ಏರುತ್ತಿದ್ದರೆ, ಜ್ವರ ಬಂದರೆ ಸರ್ಜನ್ ಬಳಿ ಅದೇ ದಿನ ತೋರಿಸಿ. ಹೋಗುವಾಗ ಸ್ಟೆಂಟ್ ಕಾಗದ, ಹಾರ್ಟ್ ಡಾಕ್ಟರ್ ಪತ್ರ, ನಡೆಯುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳು ಒಂದೇ ಚೀಲದಲ್ಲಿ ಇರಲಿ.