ಕಾದಂಬರಿಗೊಬ್ಬ ದಲ್ಲಾಳಿ

ಕೇಶವ ಮಾಸ್ತರರ ಕಾದಂಬರಿಯನ್ನು ಅಚ್ಚು ಹಾಕಲು ಬೆಂಗಳೂರಿನ ಪ್ರಕಾಶಕರೊಬ್ಬರು ಒಪ್ಪಿದ್ದಾರೆ ಎಂಬ ಸುದ್ದಿ ಕಾಸರಗೋಡು ಕಡೆಯ ನಮ್ಮ ಬದಿಯಡ್ಕ ಪೇಟೆಗೆ ಅಡಿಕೆ ಧಾರಣೆಗಿಂತ ನಿಧಾನವಾಗಿ ತಲುಪಿತು. ತಲುಪಿದ ಮೇಲೆ ಮಾತ್ರ ಯಾರೂ ಸುಮ್ಮನಿರಲಿಲ್ಲ. ನಮ್ಮಲ್ಲಿ ಆ ಕಾದಂಬರಿಯನ್ನು ಓದಿದವರು ಒಬ್ಬರೂ ಇಲ್ಲ. ಒಪ್ಪಂದ ಪತ್ರವನ್ನು ಮಾತ್ರ ಎಲ್ಲರೂ ಓದಿದ್ದೇವೆ. ಹೋಟೆಲಿನ ಹಿಂದಿನ ಮೇಜಿನ ಮೇಲೆ, ಗೋಳಿಬಜೆಯ ತಟ್ಟೆಗೂ ಚಹಾದ ಲೋಟಗಳಿಗೂ ನಡುವೆ ಆ ಏಳು ಹಾಳೆಗಳು ಬಿದ್ದಿದ್ದವು. ಮೂರನೆಯ ಹಾಳೆಯ ಮೂಲೆ ಆಗಲೇ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಒಪ್ಪಂದ ಪತ್ರದಲ್ಲಿ ಪಾರದರ್ಶಕವಾಗಿದ್ದ ಭಾಗ ಅದೊಂದೇ ಎಂದು ಆಮೇಲೆ ತಿಳಿಯಿತು.

"ಬೇರೆ ಮಾತು ಬೇಡ. ನನಗೆ ಲಿಟರರಿ ಏಜೆಂಟ್ ಬೇಕೋ ಬೇಡವೋ, ಅಷ್ಟು ಹೇಳಿ" ಎಂದರು ಮಾಸ್ತರರು.

ಲಿಟರರಿ ಏಜೆಂಟ್ ಎಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹಾರ ಕುದುರಿಸುವ ದಲ್ಲಾಳಿ. ಮಾಸ್ತರರ ಈ ಹಂಬಲಕ್ಕೆ ಕಾರಣ ಇದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಐವತ್ತು ಸಾವಿರ ಪೌಂಡು, ಲೇಖಕಿಗೆ ಅರ್ಧ, ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅರ್ಧ. ಅಂದಿನಿಂದ ಗಡಿನಾಡಿನಲ್ಲಿ ಎರಡು ಕತೆ ಬರೆದವರೂ ಪೌಂಡಿನ ಬೆಲೆ ವಿಚಾರಿಸುತ್ತಾರೆ.

"ಏಜೆಂಟರಿಗೆ ಕಮಿಷನ್ ಎಷ್ಟು?" ಎಂದು ಹಮೀದ್ ಬ್ಯಾರಿಗಳು ಕೇಳಿದರು. ಅವರದು ಅಡಿಕೆ ವ್ಯಾಪಾರ. ಜೇಬಿನಲ್ಲಿ ಸದಾ ಒಂದು ಅಡಿಕೆ ಕತ್ತರಿ ಇರುತ್ತದೆ. ಮಾತಿನ ನಡುವೆಯೂ ಒಂದು ಅಡಿಕೆಯನ್ನು ಎರಡು ಹೋಳು ಮಾಡಿ ಒಳಗಿನ ಬಿಳುಪು ನೋಡುತ್ತಿರುತ್ತಾರೆ.

"ಇಂಗ್ಲಿಷ್ ಪುಸ್ತಕಗಳಿಗೆ ಸಾಮಾನ್ಯವಾಗಿ ನೂರಕ್ಕೆ ಹದಿನೈದು. ಹೊರದೇಶಕ್ಕೋ ಅನುವಾದಕ್ಕೋ ಹಕ್ಕು ಮಾರಿದರೆ ಇಪ್ಪತ್ತು" ಎಂದೆ.

ಕತ್ತರಿ ನಿಂತಿತು. "ಹದಿನೈದು! ಮಾರಾಯರೇ, ನಾನು ಇಷ್ಟು ವರ್ಷ ತಪ್ಪು ಮಾಲು ತೂಗುತ್ತಿದ್ದೆ."

ಶಂಕರ ಭಟ್ಟರಿಗೆ ಲೆಕ್ಕ ಕಂಡರೆ ಹಸಿವು ಮರೆಯುತ್ತದೆ. ಒಪ್ಪಂದದ ಹಿಂಬದಿಯಲ್ಲೇ ಬರೆದರು. ಪುಸ್ತಕದ ಬೆಲೆ 250, ಮುದ್ರಣ ಸಾವಿರ ಪ್ರತಿ, ಲೇಖಕರಿಗೆ ನೂರಕ್ಕೆ ಹತ್ತು. ಒಂದೂ ಉಳಿಯದೆ ಮಾರಿ ಹೋದರೆ ಮಾಸ್ತರರಿಗೆ 25,000. ಅದರಲ್ಲಿ ಏಜೆಂಟರ ಪಾಲು 3,750. ಅಡಿಕೆ ಮರ ಹತ್ತುವವನು ಆ ದುಡ್ಡಿಗೆ ಎಷ್ಟು ದಿನ ಬರುತ್ತಾನೆ ಎಂದು ಬೆರಳು ಮಡಚಲು ಹೊರಟು ಎರಡನೆಯ ಬೆರಳಿಗೇ ನಿಲ್ಲಿಸಿದರು. "ಈ ಸಂಬಳಕ್ಕೆ ಮರ ಹತ್ತುವವನೇ ನಮ್ಮ ಫೋನ್ ಎತ್ತುವುದಿಲ್ಲ. ಏಜೆಂಟ್ ಎತ್ತುತ್ತಾನೆಯೇ?"

ಹಾಗಾದರೆ ಹೊರದೇಶದಲ್ಲಿ ಅವರು ಹುಟ್ಟಿಕೊಂಡದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಎ. ಪಿ. ವಾಟ್ ಎಂಬವರು ಈ ಕೆಲಸವನ್ನೇ ಕಸುಬು ಮಾಡಿಕೊಂಡರು. ಆಗ ನೂರಕ್ಕೆ ಹತ್ತು ಸಾಕಿತ್ತು. ಈಗ ಅಲ್ಲಿನ ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಏಜೆಂಟರ ಕೈಯಿಂದ ಬಾರದ ಹಸ್ತಪ್ರತಿಯನ್ನು ಬಿಚ್ಚಿಯೂ ನೋಡುವುದಿಲ್ಲ. ನಮ್ಮಲ್ಲಿ ಪ್ರಕಾಶಕರ ಮೊಬೈಲ್ ನಂಬರ್ ಪುಸ್ತಕದ ಮೊದಲ ಪುಟಗಳಲ್ಲೇ ಅಚ್ಚಾಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಕರೆದರೂ ಅವರೇ ಮಾತನಾಡುತ್ತಾರೆ. ಪುಸ್ತಕ ಕಟ್ಟಿ ಅಂಚೆಗೆ ಹಾಕುವವರೂ ಹಲವು ಕಡೆ ಅವರೇ. ಗಳಗನಾಥರಂತೂ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಏಜೆಂಟೂ ಅವರೇ, ಲಾರಿಯೂ ಅವರೇ.

"ಒಬ್ಬ ಏಜೆಂಟ್ ಈಗಾಗಲೇ ನನಗೆ ಫೋನ್ ಮಾಡಿದ್ದ" ಎಂದು ಮಾಸ್ತರರು ಮೆಲ್ಲನೆ ಬಾಯಿಬಿಟ್ಟರು. "ಹಸ್ತಪ್ರತಿ ಪರಿಶೀಲನಾ ಶುಲ್ಕ ಹದಿನೆಂಟು ಸಾವಿರ ಎಂದ."

"ನೋಡುವುದಕ್ಕೇ ದುಡ್ಡೇ?" ಬ್ಯಾರಿಗಳಿಗೆ ನಿಜವಾಗಿಯೂ ಸಿಟ್ಟು ಬಂತು. "ನಾನು ದಿನಕ್ಕೆ ಎಷ್ಟು ಗೋಣಿಗೆ ಕೈ ಹಾಕಿ ನೋಡುತ್ತೇನೆ! ಎಲ್ಲರಿಂದ ವಸೂಲು ಮಾಡಿದ್ದರೆ ಅಡಿಕೆ ಕೊಳ್ಳುವ ಕಷ್ಟವೇ ಇರಲಿಲ್ಲ."

ಅವರ ಸಿಟ್ಟು ನ್ಯಾಯವಾದದ್ದು. ಲೇಖಕನಿಗೆ ದುಡ್ಡು ಬಂದಾಗ ಮಾತ್ರ ಅದರಲ್ಲಿ ತನ್ನ ಪಾಲು ತೆಗೆದುಕೊಳ್ಳುವವನು ಏಜೆಂಟ್. ಓದುವುದಕ್ಕೆ ಶುಲ್ಕ ಕೇಳಬಾರದೆಂದು ಅಮೆರಿಕದ ಏಜೆಂಟರ ಸಂಘದ ನಿಯಮವೇ ಇದೆ. ಕೇಳಿದವನ ನಂಬರನ್ನು ಮಾಸ್ತರರ ಮೊಬೈಲಿನಿಂದ ಭಟ್ಟರು ತಮ್ಮ ಕೈಯಾರೆ ಅಳಿಸಿದರು. ಅವಸರದಲ್ಲಿ ಅದರ ಕೆಳಗಿದ್ದ ಮಾಸ್ತರರ ಭಾವನ ನಂಬರೂ ಹೋಯಿತು.

ಅಷ್ಟರಲ್ಲಿ ಕಾಸರಗೋಡು ಕೋರ್ಟಿನಿಂದ ಮರಳಿದ ವಕೀಲೆ ಜಯಂತಿ ಬಂದು ಕುಳಿತರು. ಕಪ್ಪು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ನಾಲ್ಕನೆಯ ಕಲಮನ್ನು ಗಟ್ಟಿಯಾಗಿ ಓದಿದರು: "ಲೇಖಕರು ಸದರಿ ಕೃತಿಯ ಸಮಸ್ತ ಹಕ್ಕುಗಳನ್ನು ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಎಲ್ಲ ಭಾಷೆಗಳಲ್ಲಿ ಮತ್ತು ಎಲ್ಲ ರೂಪಗಳಲ್ಲಿ ಪ್ರಕಾಶಕರಿಗೆ ವಹಿಸಿಕೊಟ್ಟಿರುತ್ತಾರೆ."

"ಪೂರ್ಣ ಅವಧಿ ಎಂದರೆ?"

"ಮಾಸ್ತರರ ಜೀವಮಾನ. ಆಮೇಲೆ 60 ವರ್ಷ."

"ಆಮೇಲೆ ಎಂದರೆ, ಮಾಸ್ತರರು ಹೋದ ಮೇಲೆಯೇ?" ಭಟ್ಟರು ಮಾಸ್ತರರನ್ನು ಕನಿಕರದಿಂದ ನೋಡಿದರು. "ಅಷ್ಟು ಕಾಲ ನಾವು ಯಾರೂ ಇವರನ್ನು ನೆನಪಿಟ್ಟುಕೊಳ್ಳುವುದಿಲ್ಲವಲ್ಲ!"

ಜಯಂತಿ ವಿವರಿಸಿದರು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಲೇಖಕರ ಪರವಾಗಿದೆ. ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅದು ಲೇಖಕರಿಗೆ ಮರಳುತ್ತದೆ.

"ಅಂದರೆ ಏನೂ ಬರೆಯದಿದ್ದರೆ ನನಗೆ ಲಾಭ" ಎಂದರು ಮಾಸ್ತರರು.

"ಅದಕ್ಕೇ ಅವರು ಏಳು ಹಾಳೆ ಬರೆದಿದ್ದಾರೆ."

ಬ್ಯಾರಿಗಳು ಆ ಕಲಮನ್ನು ಇನ್ನೊಮ್ಮೆ ಓದಿಸಿಕೊಂಡರು. "ಅಡಿಕೆಯಲ್ಲಿ ಚಾಲಿ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ, ಒಂದೊಂದಕ್ಕೂ ಒಂದೊಂದು ಧಾರಣೆ. ಇವರು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಒಂದೇ ಧಾರಣೆ ಹಾಕಿದ್ದಾರಲ್ಲ? ಕನ್ನಡದ ಪುಸ್ತಕ ಅವರು ಮಾಡಲಿ. ಇಂಗ್ಲಿಷು, ಮಲಯಾಳಂ, ಸಿನಿಮಾ, ಓದಿ ಕೇಳಿಸುವುದು, ಇದನ್ನೆಲ್ಲ ಏಕೆ ಸುರಿಯಬೇಕು?" ಕಾದಂಬರಿ ಎಂದರೆ ಬ್ಯಾರಿಗಳಿಗೆ ಆಗದು. ಆದರೆ ಆ ಮೇಜಿನ ಸುತ್ತ ಒಪ್ಪಂದ ಅರ್ಥವಾದದ್ದು ಮೊದಲು ಅವರಿಗೇ. ಒಳ್ಳೆಯ ಏಜೆಂಟ್ ಮಾಡುವುದೂ ಇದನ್ನೇ: ಹಕ್ಕುಗಳನ್ನು ಬಿಡಿಸಿ, ಒಂದೊಂದಕ್ಕೂ ಗಿರಾಕಿ ಹುಡುಕುವುದು. ನಾಳೆ ಯಾರಾದರೂ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದರೆ ಮಾಸ್ತರರು ಇಪ್ಪತ್ತು ಪರ್ಸೆಂಟನ್ನು ನಗುನಗುತ್ತಾ ಕೊಡಬಹುದು; ಮುಂಗಡ ಎಷ್ಟು ಕೇಳಬೇಕು ಎಂಬುದು ಬದಿಯಡ್ಕದಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಮಾರುವುದಕ್ಕೆ ಆ ಹಕ್ಕು ಆಗ ಇವರ ಕೈಯಲ್ಲಿ ಇರಬೇಕಷ್ಟೆ.

ಇಷ್ಟು ಹೊತ್ತು ಮಲಯಾಳಂ ಪತ್ರಿಕೆಯಲ್ಲಿ ತಲೆ ಹುದುಗಿಸಿದ್ದ ನಿವೃತ್ತ ಪೋಸ್ಟ್ ಮಾಸ್ಟರ್ ಗೋಪಾಲ ಮಣಿಯಾಣಿಯವರು ಆಗ ತಲೆ ಎತ್ತಿದರು. "1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಲೇಖಕರು ಸೇರಿ 120 ರೂಪಾಯಿ ಬಂಡವಾಳದಲ್ಲಿ ಪುಸ್ತಕ ಪ್ರಕಟಿಸುವ ಸಹಕಾರ ಸಂಘ ಮಾಡಿದರು. ಲೇಖಕರಿಗೆ ರಾಯಲ್ಟಿ ಎಷ್ಟು ಕೊಟ್ಟರು ಗೊತ್ತೇ? ನೂರಕ್ಕೆ ಮೂವತ್ತು."

ಹತ್ತನ್ನೇ ದೊಡ್ಡದೆಂದು ನಂಬಿದ್ದ ಮಾಸ್ತರರು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಮೊದಲ ಬಾರಿಗೆ ಬೇರೆ ಕಣ್ಣಿನಿಂದ ನೋಡಿದರು.

"ನಾವೂ ಮಾಡಿದೆವಲ್ಲ!" ಭಟ್ಟರು ಎದೆ ಸೆಟೆಸಿದರು. "1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ. ಕರ್ನಾಟಕ, ಕೇರಳ ಎರಡೂ ರಾಜ್ಯದ ಅಡಿಕೆ ಬೆಳೆಗಾರರು ಸೇರಿ ಮಾಡಿದ ಸಹಕಾರ ಸಂಘ."

"ಮಾಡಿದ ಮೇಲೂ ನೀವು ನನ್ನ ಅಂಗಡಿಗೆ ಬರುತ್ತೀರಲ್ಲ ಭಟ್ಟರೇ?"

"ಮಗಳ ಮದುವೆಗೆ ಮುಂಗಡ ಕೊಟ್ಟವರು ನೀವಲ್ಲವೇ!"

"ಅದು ಹೌದು. ಈ ಪತ್ರದಲ್ಲಿ ಮುಂಗಡ ಇದೆಯೇ?"

ಜಯಂತಿ ಕೊನೆಯ ಹಾಳೆ ತಿರುಗಿಸಿದರು. "ಇದೆ. ಲೇಖಕರು 200 ಪ್ರತಿಗಳನ್ನು ತಲಾ 200 ರೂಪಾಯಿಗೆ ಮೊದಲೇ ಕೊಳ್ಳಬೇಕು."

ಭಟ್ಟರ ಪೆನ್ನು ಓಡಿತು. ಕೊಡುವುದು 40,000, ಎಂದಾದರೂ ಬರುವುದು 25,000. "ಅಂದರೆ ಮಾಸ್ತರರು ಕೈಯಿಂದ ಹದಿನೈದು ಸಾವಿರ ಹಾಕಿ ಲೇಖಕರಾಗುತ್ತಾರೆ."

ಮಾಸ್ತರರು ಅಲ್ಲೇ ಪ್ರಕಾಶಕರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟರು. ನಾಲ್ಕನೆಯ ಕಲಮಿನ ಮಾತು ಎತ್ತಿದ ಕೂಡಲೇ ಅತ್ತಲಿಂದ ನಗು ಕೇಳಿಸಿತು. "ಹೊಡೆದು ಹಾಕಿ ಸರ್. ಆ ಪತ್ರವನ್ನು ನಮ್ಮ ಹುಡುಗ ಎಲ್ಲಿಂದಲೋ ತೆಗೆದು ಕನ್ನಡಕ್ಕೆ ತಂದದ್ದು. ಪೂರ್ತಿ ನಾನೂ ಓದಿಲ್ಲ. ಆದರೆ ಆ 200 ಪ್ರತಿ ಮಾತ್ರ..."

ಫೋನನ್ನು ಬ್ಯಾರಿಗಳು ಎತ್ತಿಕೊಂಡರು. ಮುಂದಿನ ಕಾಲು ಗಂಟೆ ನಡೆದ ಚೌಕಾಸಿಯನ್ನು ಬರೆದಿಡುವ ಶಕ್ತಿ ನನಗಿಲ್ಲ. ನಡುವೆ ಒಮ್ಮೆ ಅವರು ಕಾಗದದ ಗುಣಮಟ್ಟ ವಿಚಾರಿಸಿದರು, ಒಮ್ಮೆ ಪ್ರಕಾಶಕರ ಮಕ್ಕಳ ಯೋಗಕ್ಷೇಮ ವಿಚಾರಿಸಿದರು, ಎರಡು ಸಲ "ಹಾಗಾದರೆ ಬಿಡಿ" ಎಂದು ಫೋನ್ ಕೆಳಗಿಟ್ಟಂತೆ ಮಾಡಿದರು. ಕೊನೆಗೆ 50 ಪ್ರತಿ, ತಲಾ 150ಕ್ಕೆ ನಿಂತಿತು.

"40,000 ಇದ್ದದ್ದು 7,500ಕ್ಕೆ ಇಳಿಯಿತು. ಉಳಿದದ್ದು 32,500" ಎಂದರು ಭಟ್ಟರು.

"ಅದರಲ್ಲಿ ಏಜೆಂಟರ ಹದಿನೈದು ಪರ್ಸೆಂಟು?" ಎಂದು ಬ್ಯಾರಿಗಳು ಕೈ ಚಾಚಿದರು.

"4,875. ಮಾಸ್ತರರ ಕೈಯಲ್ಲಿ ನಗದು ಎಲ್ಲಿದೆ? ಪುಸ್ತಕದ ರೂಪದಲ್ಲಿ ತೆಗೆದುಕೊಳ್ಳಿ. ನಿಮ್ಮ ಪಾಲಿಗೆ ಮೂವತ್ತೆರಡೂವರೆ ಪ್ರತಿ ಬರುತ್ತದೆ."

ಮಾಸ್ತರರ ಮುಖ ಅರಳಿತು. ಬ್ಯಾರಿಗಳು ಕತ್ತರಿ ಜೇಬಿಗೆ ಹಾಕಿ, ಎಲ್ಲರ ಚಹಾದ ದುಡ್ಡನ್ನೂ ತಾವೇ ಕೊಟ್ಟು, ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ಹೊರಟೇಹೋದರು.